ಎಮ್ಮೆ ಕರೆಯುವವಳು ಯಾವ ಕಾಲಂನಲ್ಲಿದ್ದಾಳೆ?

ಬೆಳಗಿನ ಜಾವಕ್ಕೇ ಎದ್ದು ಎಮ್ಮೆ ಕರೆಯುತ್ತಾಳೆ. ಕಾಡಂಚಿಗೆ ಹೋಗಿ ಸೌದೆ ತರುತ್ತಾಳೆ. ಗಂಡನ ಜೊತೆ ಹೊಲದಲ್ಲಿ ಕಳೆ ಕೀಳುತ್ತಾಳೆ. ಇಷ್ಟಕ್ಕೂ ಕೂಲಿ ಎಂದು ಅವಳ ಕೈಗೆ ಯಾರೂ ಒಂದು ಕಾಸು ಕೊಡುವುದಿಲ್ಲ. ಸರ್ಕಾರದ ಲೆಕ್ಕದಲ್ಲಿ ಇವಳು ದುಡಿಯುವವಳೋ, ಮನೆಯಲ್ಲಿ ಇರುವವಳೋ?

ಯಾವ ಲೆಕ್ಕ ತೆಗೆದು ನೋಡುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಎಂ.ಎ. ಪ್ರಬಂಧಕ್ಕೋ ಸಂಘದ ವರದಿಗೋ ಅಂಕಿಅಂಶ ಹುಡುಕಲು ಹೊರಟವರು ಮೊದಲು ಎಡವುವುದೂ ಇಲ್ಲೇ. ಹಾಗಾಗಿ ಈ ಹೆಂಗಸನ್ನೇ ಜೊತೆಗಿಟ್ಟುಕೊಂಡು ಹೊರಡೋಣ.

ನೀವೇ ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡರೆ ಅದು ಪ್ರಾಥಮಿಕ ದತ್ತಾಂಶ. ಬೇರೆ ಯಾರೋ ತಮ್ಮ ಅಗತ್ಯಕ್ಕೆ ಕಲೆಹಾಕಿದ್ದನ್ನು ನಿಮ್ಮ ಪ್ರಶ್ನೆಗೆ ಬಳಸಿಕೊಂಡರೆ ಅದು ದ್ವಿತೀಯಕ ದತ್ತಾಂಶ, ಅಂದರೆ ಸೆಕೆಂಡರಿ ಡೇಟಾ. ಜನಗಣತಿ, ಆರೋಗ್ಯ ಸಮೀಕ್ಷೆ, ಶಾಲೆಯ ದಾಖಲಾತಿ ಪುಸ್ತಕ, ಪಂಚಾಯಿತಿ ಕಡತ ಎಲ್ಲವೂ ಇದರಲ್ಲಿ ಸೇರುತ್ತವೆ.

ಇನ್ನೊಬ್ಬರ ಅಂಕಿ ತೆಗೆದುಕೊಂಡರೆ ಅದು ಸಂಶೋಧನೆ ಹೇಗಾದೀತು ಎಂದು ನೀವು ಕೇಳಬಹುದು. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯನ್ನು ನೆನಪಿಸಿಕೊಳ್ಳಿ. 2002ರಲ್ಲಿ ಬಂದ ಆ ವರದಿ ರಾಜ್ಯದ 175 ತಾಲ್ಲೂಕುಗಳನ್ನು 35 ಸೂಚಕಗಳಲ್ಲಿ ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ ಸೂಚ್ಯಂಕದ ಬೆನ್ನೆಲುಬು ಇಲಾಖೆಗಳು ಮೊದಲೇ ಬರೆದಿಟ್ಟಿದ್ದ ಅಂಕಿಗಳೇ. ಬೇರೆಬೇರೆ ಕಪಾಟುಗಳಲ್ಲಿ ಬಿದ್ದಿದ್ದವನ್ನು ಒಂದೇ ಪ್ರಶ್ನೆಯ ಮುಂದೆ ತಂದು ನಿಲ್ಲಿಸಿದ್ದು ಸಮಿತಿಯ ಕೆಲಸ. ಇಂದಿಗೂ ಪ್ರಾದೇಶಿಕ ಅಸಮಾನತೆಯ ಮಾತು ಎದ್ದಾಗಲೆಲ್ಲ ಆ ವರದಿಯ ಹೆಸರು ಬರುತ್ತದೆ.

ಈಗ ನಮ್ಮ ಕೆಲಸ. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ ಎಷ್ಟು ಮಂದಿ ಹೆಂಗಸರು ದುಡಿಯುತ್ತಾರೆ ಎಂಬುದು ನಿಮ್ಮ ಪ್ರಶ್ನೆ ಎಂದುಕೊಳ್ಳಿ. ಹಳ್ಳಿಯ ಮಟ್ಟದ ಅಂಕಿ ಬೇಕಾದರೆ ಜನಗಣತಿಗೇ ಹೋಗಬೇಕು. 2021ರ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು. ಮುಂದಿನದಕ್ಕೆ ಗೊತ್ತುಮಾಡಿರುವ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಅದರ ಅಂಕಿ ಹೊರಬರುವ ತನಕ 2011ರದ್ದೇ ಗತಿ. ಹಳೆಯದೆಂದು ಮೂಗು ಮುರಿಯಬೇಡಿ. ಆದರೆ ಪ್ರಬಂಧದಲ್ಲಿ ‘ಈಗ ಇಷ್ಟಿದೆ’ ಎಂದು ಬರೆಯದೆ ‘2011ರಲ್ಲಿ ಇಷ್ಟಿತ್ತು’ ಎಂದೇ ಬರೆಯಿರಿ.

ಜನಗಣತಿಯ ಜಾಲತಾಣದಲ್ಲಿ ಎರಡು ಕಡತ ಹುಡುಕಿ. ಒಂದು, ಡಿಸ್ಟ್ರಿಕ್ಟ್ ಸೆನ್ಸಸ್ ಹ್ಯಾಂಡ್‌ಬುಕ್, ಅಂದರೆ ಜಿಲ್ಲಾ ಜನಗಣತಿ ಕೈಪಿಡಿ. ಇನ್ನೊಂದು, ಪ್ರೈಮರಿ ಸೆನ್ಸಸ್ ಅಬ್‌ಸ್ಟ್ರಾಕ್ಟ್, ಅಂದರೆ ಪ್ರತಿ ಹಳ್ಳಿಯ ಮುಖ್ಯ ಅಂಕಿಗಳ ಸಾರಪಟ್ಟಿ. ಎರಡನೆಯದು ಎಕ್ಸೆಲ್ ಕಡತವಾಗಿ ಸಿಗುತ್ತದೆ. ತೆರೆದು ‘ಹನೂರು ತಾಲ್ಲೂಕು’ ಎಂದು ಹುಡುಕಿದರೆ ಸಿಗುವುದಿಲ್ಲ. ಗಾಬರಿ ಬೇಡ. 2011ರಲ್ಲಿ ಆ ತಾಲ್ಲೂಕೇ ಇರಲಿಲ್ಲ, ಅಲ್ಲಿನ ಹಳ್ಳಿಗಳೆಲ್ಲ ಕೊಳ್ಳೇಗಾಲಕ್ಕೆ ಸೇರಿದ್ದವು. ಪ್ರತಿ ಹಳ್ಳಿಗೂ ಆರಂಕಿಯ ಒಂದು ಕೋಡ್ ಇದೆ. ಇಂದಿನ ಹನೂರಿಗೆ ಸೇರಿದ ಹಳ್ಳಿಗಳ ಪಟ್ಟಿ ಮಾಡಿ, ಕೋಡ್ ಹಿಡಿದು ಕೊಳ್ಳೇಗಾಲದ ಕಡತದಿಂದ ಆ ಸಾಲುಗಳನ್ನು ಬೇರೆ ಮಾಡಿ. ಹೆಸರು ನಂಬಿಕೊಂಡು ಹೋದರೆ ಕೆಟ್ಟಿರಿ. ಒಂದೇ ಹೆಸರಿನ ಎರಡು ಊರು ನಮ್ಮಲ್ಲಿ ಬೇಕಾದಷ್ಟಿವೆ, ಇಂಗ್ಲಿಷ್ ಕಾಗುಣಿತವಂತೂ ದೇವರಿಗೇ ಪ್ರೀತಿ. ಜಿಲ್ಲೆಗಳನ್ನು ಹೋಲಿಸುವವರಿಗೂ ಇದೇ ತಾಪತ್ರಯ. ಯಾದಗಿರಿ 2001ರ ಗಣತಿಯಲ್ಲಿ ಗುಲ್ಬರ್ಗದ ಒಳಗಿತ್ತು. ಇಂದಿನ ವಿಜಯನಗರದ ಹೆಚ್ಚಿನ ಭಾಗ 2011ರಲ್ಲಿ ಬಳ್ಳಾರಿಯ ಒಳಗಿತ್ತು.

ಸಾಲುಗಳು ಸಿಕ್ಕವು. ಈಗ ಕಾಲಂ ನೋಡಿ. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು. ಅದಕ್ಕಿಂತ ಕಡಿಮೆ ದುಡಿದವರು ಅಂಚಿನ ಕೆಲಸಗಾರರು. ಉಳಿದವರು ಕೆಲಸಗಾರರಲ್ಲ. ಮುಖ್ಯ ಮತ್ತು ಅಂಚಿನ ಹೆಂಗಸರನ್ನು ಕೂಡಿ, ಒಟ್ಟು ಹೆಂಗಸರ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಕೆಲಸದಲ್ಲಿ ಪಾಲ್ಗೊಳ್ಳುವಿಕೆಯ ದರ ಬಂತು. 2011ರಲ್ಲಿ ಇಡೀ ಕರ್ನಾಟಕಕ್ಕೆ ಇದು ಹೆಂಗಸರಲ್ಲಿ ಶೇ 31.9, ಗಂಡಸರಲ್ಲಿ ಶೇ 59.

ಇಲ್ಲೊಂದು ಕ್ಷಣ ನಿಲ್ಲಿ. ಆ ‘ಒಟ್ಟು ಹೆಂಗಸರು’ ಎಂಬುದರಲ್ಲಿ ತೊಟ್ಟಿಲ ಕೂಸೂ ಇದೆ. ಅದೇ ಕಡತದಲ್ಲಿ ಆರು ವರ್ಷದವರೆಗಿನ ಹೆಣ್ಣುಮಕ್ಕಳ ಕಾಲಂ ಬೇರೆಯೇ ಇದೆ. ರಾಜ್ಯದ ಲೆಕ್ಕದಲ್ಲಿ ಅವರು ಸುಮಾರು 35 ಲಕ್ಷ. ಅವರನ್ನು ಕಳೆದು ಭಾಗಿಸಿ ನೋಡಿ, ಶೇ 31.9 ಇದ್ದದ್ದು ಸುಮಾರು ಶೇ 36 ಆಗುತ್ತದೆ. ದುಡಿಯುವ ಒಬ್ಬ ಹೆಂಗಸೂ ಹೆಚ್ಚಲಿಲ್ಲ, ಭಾಗಿಸುವ ಸಂಖ್ಯೆಯಷ್ಟೇ ಬದಲಾಯಿತು. ಶೇಕಡಾ ಲೆಕ್ಕ ಕಂಡಾಗಲೆಲ್ಲ ‘ಯಾರಲ್ಲಿ ಶೇಕಡಾ?’ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ.

ನಮ್ಮ ಎಮ್ಮೆ ಕರೆಯುವವಳು? 2011ರ ಗಣತಿಯ ನಿಯಮದಂತೆ ಹಾಲು ಮನೆ ಬಳಕೆಗಷ್ಟೇ ಆದರೂ ಅದು ಕೆಲಸವೇ. ಅವಳು ಕೆಲಸಗಾರರ ಕಾಲಂನಲ್ಲಿ ಇರಬೇಕು. ಗಣತಿದಾರರು ಕೇಳಿದಾಗ ಬಾಗಿಲಲ್ಲಿ ನಿಂತ ಗಂಡ ‘ಅವಳು ಮನೇಲಿರ್ತಾಳೆ ಸಾರ್’ ಎಂದಿದ್ದರೆ ಮಾತ್ರ ಯಾವ ಕಾಲಂ ಸೇರಿದಳೋ ಹೇಳಲಾಗದು.

ಎರಡನೆಯ ಆಕರ ಪಿಎಲ್‌ಎಫ್‌ಎಸ್, ಅಂದರೆ ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆ. ಕೇಂದ್ರದ ಸಾಂಖ್ಯಿಕ ಸಚಿವಾಲಯ 2017-18ರಿಂದ ನಡೆಸುತ್ತಿದೆ. ಇದು ಎಲ್ಲರನ್ನೂ ಎಣಿಸುವುದಿಲ್ಲ, ಮಾದರಿಗೆ ಆಯ್ದ ಮನೆಗಳಲ್ಲಿ ಮಾತ್ರ ಕೇಳುತ್ತದೆ. ಪ್ರತಿಯೊಬ್ಬರಿಗೂ ಒಂದು ಕೋಡ್ ಬೀಳುತ್ತದೆ. ಮನೆಯವರ ಹೊಲ ಅಥವಾ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿದರೆ 21. ಮನೆಗೆಲಸ ಮಾತ್ರವಾದರೆ 92. ಮನೆಗೆಲಸದ ಜೊತೆ ಸೌದೆ, ಸೊಪ್ಪು, ಮೇವು ತಂದರೆ, ಮನೆಯವರಿಗೆ ಬಟ್ಟೆ ಹೊಲಿದರೆ 93. 21 ಕೆಲಸಗಾರರ ಸಾಲಿಗೆ ಸೇರುತ್ತದೆ, 92 ಮತ್ತು 93 ಸೇರುವುದಿಲ್ಲ. ಕಳೆ ಕಿತ್ತಾಗ ನಮ್ಮ ಹೆಂಗಸು ದುಡಿಯುವವಳು, ಸೌದೆ ಹೊತ್ತಾಗ ಅಲ್ಲ!

ಈ ಸಮೀಕ್ಷೆಯ ಪ್ರಕಾರ 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ಶ್ರಮಶಕ್ತಿಗೆ ಸೇರಿದವರ ಪಾಲು ದೇಶದಲ್ಲಿ 2017-18ರಲ್ಲಿ ಶೇ 23.3 ಇತ್ತು, 2023-24ರಲ್ಲಿ ಶೇ 41.7 ಆಯಿತು. ಇದನ್ನು ಜನಗಣತಿಯ ಶೇ 31.9ರ ಪಕ್ಕ ಇಟ್ಟು ‘ಏರಿತು, ಇಳಿಯಿತು’ ಎಂದು ಬರೆಯಬೇಡಿ. ವಯಸ್ಸು ಬೇರೆ, ಪ್ರದೇಶ ಬೇರೆ. ಕೆಲಸ ಹುಡುಕುತ್ತಿರುವವರೂ ಶ್ರಮಶಕ್ತಿಯಲ್ಲಿ ಸೇರುತ್ತಾರೆ, ಜನಗಣತಿಯ ಕೆಲಸಗಾರರಲ್ಲಿ ಸೇರುವುದಿಲ್ಲ. ಏರಿಕೆಯಲ್ಲಿ 21ನೇ ಕೋಡ್‌ನ ಪಾಲೆಷ್ಟು, ಸಂಬಳದ ನೌಕರಿಯ ಪಾಲೆಷ್ಟು ಎಂದು ಬಿಡಿಸಿ ನೋಡುವುದೇ ಒಳ್ಳೆಯ ಪ್ರಬಂಧದ ವಿಷಯ.

ಹಾಗೆ ಬಿಡಿಸಲು ಯೂನಿಟ್ ಲೆವೆಲ್ ಡೇಟಾ ಬೇಕು. ಅಂದರೆ ಹೆಸರು, ವಿಳಾಸ ತೆಗೆದುಹಾಕಿದ, ಒಬ್ಬೊಬ್ಬರ ಉತ್ತರ ಇರುವ ಕಡತ. ಸಚಿವಾಲಯದ ಮೈಕ್ರೋಡೇಟಾ ತಾಣದಲ್ಲಿ ಇ-ಮೇಲ್ ಕೊಟ್ಟು ನೋಂದಾಯಿಸಿದರೆ ಇಳಿಸಿಕೊಳ್ಳಬಹುದು. ತೆರೆದಾಗ ಬರೀ ಅಂಕಿಗಳ ಸಾಲು ಕಂಡು ತಲೆ ತಿರುಗುತ್ತದೆ. ಜೊತೆಗಿರುವ ಲೇಔಟ್ ಕಡತ ಎಷ್ಟನೇ ಅಂಕಿಯಿಂದ ಎಷ್ಟನೆಯದರವರೆಗೆ ವಯಸ್ಸು, ಎಲ್ಲಿ ಲಿಂಗ ಎಂದು ಹೇಳುತ್ತದೆ. ಅದರ ಜೊತೆ ಪ್ರಶ್ನಾವಳಿಯನ್ನೂ ಇಳಿಸಿಕೊಳ್ಳಿ. ನನ್ನನ್ನು ಕೇಳಿದರೆ ಮೊದಲು ಓದಬೇಕಾದದ್ದು ಪ್ರಶ್ನಾವಳಿಯೇ. ಅಂಕಿ ಎಂದರೆ ಯಾರೋ ಕೇಳಿದ ಪ್ರಶ್ನೆಗೆ ಯಾರೋ ಕೊಟ್ಟ ಉತ್ತರ. ಪ್ರಶ್ನೆ ಗೊತ್ತಿಲ್ಲದೆ ಉತ್ತರ ಹಿಡಿದುಕೊಂಡು ಏನು ಮಾಡುತ್ತೀರಿ?

ಮಾದರಿ ಸಮೀಕ್ಷೆಯಲ್ಲಿ ತಲೆ ಎಣಿಸಿ ಶೇಕಡಾ ತೆಗೆಯುವಂತಿಲ್ಲ. ಒಂದು ಮನೆ 300 ಮನೆಗಳ ಪರವಾಗಿ ನಿಂತಿದ್ದರೆ ಇನ್ನೊಂದು 1,200 ಮನೆಗಳ ಪರವಾಗಿ ನಿಂತಿರಬಹುದು. ಈ ತೂಕಕ್ಕೆ ವೆಯ್ಟ್ ಅಥವಾ ಮಲ್ಟಿಪ್ಲಯರ್ ಎನ್ನುತ್ತಾರೆ. ಪ್ರತಿ ಸಾಲಿನಲ್ಲೂ ಅದು ಇರುತ್ತದೆ, ಬಳಸುವ ಸೂತ್ರ ಜೊತೆಗಿರುವ ಟಿಪ್ಪಣಿಯಲ್ಲಿರುತ್ತದೆ. ಸರಿಯಾಗಿ ಬಳಸಿದೆನೋ ಇಲ್ಲವೋ ಎಂದು ತಿಳಿಯಲು ಸುಲಭದ ಉಪಾಯವಿದೆ. ವರದಿಯಲ್ಲಿ ಅಚ್ಚಾಗಿರುವ ಒಂದು ಅಂಕಿಯನ್ನು ಕಡತದಿಂದ ನೀವೇ ಲೆಕ್ಕ ಹಾಕಿ ತೆಗೆಯಿರಿ. ಅದು ಕೂಡಿಬರುವವರೆಗೆ ಮುಂದಿನ ಹೆಜ್ಜೆ ಇಡಬೇಡಿ.

ಆರೋಗ್ಯ, ಮದುವೆ, ಮಕ್ಕಳ ವಿಷಯಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೆ. 2019-21ರ ಐದನೇ ಸುತ್ತು ದೇಶದಲ್ಲಿ 6,36,699 ಮನೆಗಳನ್ನು ತಲುಪಿತ್ತು. ಜಿಲ್ಲಾವಾರು ಅಂಕಿ ಕೊಡುತ್ತದಾದರೂ ಹೆಂಗಸರ ದುಡಿಮೆಯ ಪ್ರಶ್ನೆಗಳನ್ನು ಶೇ 15ರಷ್ಟು ಮನೆಗಳಲ್ಲಿ ಮಾತ್ರ ಕೇಳಲಾಗಿದೆ. ಆ ವಿಷಯಕ್ಕೆ ಜಿಲ್ಲೆಯ ಮಟ್ಟಕ್ಕೆ ಇಳಿದರೆ ಕೈಗೆ ಸಿಗುವವರು ತೀರಾ ಕಡಿಮೆ.

ಮತ್ತೆ ಹನೂರಿಗೆ ಬರೋಣ. ಪರಿಶಿಷ್ಟ ಪಂಗಡದವರು ಹೆಚ್ಚಿರುವ ಹಳ್ಳಿಗಳಲ್ಲಿ ದುಡಿಯುವ ಹೆಂಗಸರ ದರವೂ ಹೆಚ್ಚು ಎಂದು ನಿಮ್ಮ ಪಟ್ಟಿಯಲ್ಲಿ ಕಂಡಿತೆನ್ನಿ. ಪಂಗಡದ ಹೆಂಗಸರೇ ಹೆಚ್ಚು ದುಡಿಯುತ್ತಾರೆ ಎನ್ನಲು ಅಷ್ಟು ಸಾಲದು. ಅದೇ ಹಳ್ಳಿಯ ಬೇರೆ ಹೆಂಗಸರು ದುಡಿಯುತ್ತಿರಬಹುದು. ಹಳ್ಳಿಯ ಅಂಕಿ ಹಳ್ಳಿಯ ಬಗ್ಗೆ ಮಾತಾಡುತ್ತದೆ, ಒಬ್ಬೊಬ್ಬರ ಬಗ್ಗೆ ಅಲ್ಲ.

ಖರ್ಚು? ಮೇಲೆ ಹೇಳಿದ ಜನಗಣತಿ ಪಟ್ಟಿಗೂ ಶ್ರಮಶಕ್ತಿ ಕಡತಕ್ಕೂ ಹಣ ಕೊಡಬೇಕಿಲ್ಲ. ಸಣ್ಣ ಲೆಕ್ಕಕ್ಕೆ ಎಕ್ಸೆಲ್ ಸಾಕು, ಅದಿಲ್ಲದವರಿಗೆ ಲಿಬ್ರೆಆಫೀಸ್ ಉಚಿತ. ದೊಡ್ಡ ಕಡತಕ್ಕೆ ‘ಆರ್’ ಎಂಬ ತಂತ್ರಾಂಶ ಉಚಿತ, ಕಲಿಯಲು ತಿಂಗಳೆರಡು ತಿಂಗಳು ಬೇಕು. ಅಷ್ಟು ತಾಳ್ಮೆ ಇಲ್ಲದವರು ಪಿಎಸ್‌ಪಿಪಿ ನೋಡಬಹುದು, ಅದೂ ಉಚಿತ. ಸ್ಟಾಟಾ, ಎಸ್‌ಪಿಎಸ್‌ಎಸ್‌ಗೆ ಕಾಸು ಬೀಳುತ್ತದೆ. ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಇದ್ದರೆ ಬಳಸಿ, ಸ್ವಂತಕ್ಕೆ ಕೊಳ್ಳಬೇಡಿ.

ರಾಜ್ಯದ ಅಂಕಿಗೆ ಬೆಂಗಳೂರಿನ ಬಹುಮಹಡಿ ಕಟ್ಟಡದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯವಿದೆ. ‘ಜಿಲ್ಲಾ ಅಂಕಿ ಅಂಶಗಳ ನೋಟ’ ಹೊರಡಿಸುವುದು ಅದೇ ಇಲಾಖೆ. ಕನ್ನಡದ ಹಳೆಯ ಪಿಡಿಎಫ್‌ಗಳನ್ನು ನಕಲು ಮಾಡಿ ಅಂಟಿಸಿದರೆ ಅಕ್ಷರವೆಲ್ಲ ಕಲಸುಮೇಲೋಗರ ಆಗುತ್ತದೆ. ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ, ಅವು ಯೂನಿಕೋಡ್ ಅಲ್ಲದ ನುಡಿ ಅಕ್ಷರದಲ್ಲಿವೆ. ಪರಿವರ್ತಕ ಬಳಸಿ, ಇಲ್ಲವೇ ಕೈಯಲ್ಲೇ ಮತ್ತೆ ಟೈಪ್ ಮಾಡಿ. ಆಳವಾಗಿ ಓದುವವರಿಗೆ ನಾಗರಬಾವಿಯಲ್ಲಿ, 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ಐಸೆಕ್, ಅಂದರೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಗ್ರಂಥಾಲಯವಿದೆ. ಕಾಲೇಜಿನಿಂದ ಪರಿಚಯ ಪತ್ರ ಮಾಡಿಸಿಕೊಂಡು ಹೋಗಿ.

ಎಲ್ಲಕ್ಕೂ ಬೆಂಗಳೂರಿಗೆ ಬಸ್ಸು ಹತ್ತಬೇಕಿಲ್ಲ. ನಿಮ್ಮ ಜಿಲ್ಲೆಯಲ್ಲೇ ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿಗಳ ಕಚೇರಿ ಇದೆ. ಏನು ಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವ ತಾಲ್ಲೂಕು, ಯಾವ ವರ್ಷ, ಯಾವ ಅಂಕಿ. ‘ಮಹಿಳೆಯರ ಬಗ್ಗೆ ಇರೋದೆಲ್ಲ ಕೊಡಿ’ ಎಂದರೆ ಯಾರೂ ಕೊಡಲಾರರು. ಬಾಯಿಮಾತಿಗೆ ಕೆಲಸ ಆಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಹೋಗುವಾಗ ಖಾಲಿ ಪೆನ್‌ಡ್ರೈವ್ ಒಂದು ಜೇಬಿನಲ್ಲಿರಲಿ. ಪುಸ್ತಕದ ಪ್ರತಿ ಮುಗಿದಿದ್ದರೂ ಅಲ್ಲಿನ ಕಂಪ್ಯೂಟರಿನಲ್ಲಿ ಕಡತ ಇರಬಹುದು.