ರಸ್ತೆ ತೆರಿಗೆ ಕಟ್ಟಿದ ಮೇಲೆ ಟೋಲ್ ಯಾಕೆ? ಆ ಫಾರ್ವರ್ಡ್‌ನಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

“ಗಾಡಿ ತಗೊಂಡಾಗಲೇ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದ್ದೀವಿ. ಪೆಟ್ರೋಲ್ ಮೇಲೂ ತೆರಿಗೆ ಕಟ್ತೀವಿ. ಹಾಗಾಗಿ ಟೋಲ್ ಕಾನೂನುಬಾಹಿರ, ಕಟ್ಟಬೇಡಿ!” ಈ ಅರ್ಥದ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಮನೆ ಮುಂದಿನ ಗುಂಡಿ ನೋಡಿದವರಿಗೆ ಇದು ಸರಿ ಅನ್ನಿಸುವುದೂ ಸಹಜ. ಹಾಗಾದರೆ ನಾವು ಕಟ್ಟಿದ ಹಣ ಎಲ್ಲಿಗೆ ಹೋಗುತ್ತದೆ? ನೋಡೋಣ.

ರಸ್ತೆ ತೆರಿಗೆ ರಸ್ತೆಗೇ ಹೋಗುತ್ತದೆಯೇ?

ಹೆಸರು ಕೇಳಿದರೆ ಹಾಗನ್ನಿಸುತ್ತದೆ. ಆದರೆ ಕಾನೂನಿನಲ್ಲಿ ಇದು ‘ಮೋಟಾರು ವಾಹನ ತೆರಿಗೆ’. ನಮ್ಮ ರಾಜ್ಯದಲ್ಲಿ 1957ರ ಕಾಯ್ದೆಯಡಿ ಇದನ್ನು ವಸೂಲಿ ಮಾಡುತ್ತಾರೆ. ಆರ್‌ಟಿಒದಲ್ಲಿ ಕಟ್ಟಿದ ಈ ತೆರಿಗೆ ರಾಜ್ಯದ ಸಂಚಿತ ನಿಧಿಗೆ ಸೇರುತ್ತದೆ. ಅಬಕಾರಿ, ಮುದ್ರಾಂಕ ಶುಲ್ಕದ ಹಣ ಸೇರುವುದೂ ಅಲ್ಲಿಗೇ. ಆ ನಿಧಿಯಿಂದ ಶಾಲೆಗೆಷ್ಟು, ಆಸ್ಪತ್ರೆಗೆಷ್ಟು, ರಸ್ತೆಗೆಷ್ಟು ಎಂದು ತೀರ್ಮಾನವಾಗುವುದು ಬಜೆಟ್‌ನಲ್ಲಿ.

ಪೆಟ್ರೋಲ್, ಡೀಸೆಲ್ ಮೇಲೆ ರಾಜ್ಯದ ಮಾರಾಟ ತೆರಿಗೆಯೂ ಇದೆ, ಕೇಂದ್ರದ ರಸ್ತೆ ಮತ್ತು ಮೂಲಸೌಕರ್ಯ ಸೆಸ್ ಕೂಡ ಇದೆ. ಆ ಸೆಸ್‌ಗಾಗಿ ಕೇಂದ್ರ ರಸ್ತೆ ನಿಧಿ ಇತ್ತು. 2018ರಲ್ಲಿ ಅದು ‘ರಸ್ತೆ ಮತ್ತು ಮೂಲಸೌಕರ್ಯ ನಿಧಿ’ ಆಯಿತು. ಈಗ ಆ ಹಣವನ್ನು ರಸ್ತೆಯಲ್ಲದ ಮೂಲಸೌಕರ್ಯಕ್ಕೂ ಬಳಸಬಹುದು.

ಹಾಗಾದರೆ ಟೋಲ್?

ಟೋಲ್ ಬೇರೆ ಲೆಕ್ಕ. ಅದು ಒಂದು ನಿರ್ದಿಷ್ಟ ರಸ್ತೆ ಅಥವಾ ಸೇತುವೆ ಬಳಸಿದ್ದಕ್ಕೆ ಕೊಡುವ ಶುಲ್ಕ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಇದಕ್ಕೆ 2008ರ ಶುಲ್ಕ ನಿಯಮಗಳಿವೆ. ಆದ್ದರಿಂದ ‘ತೆರಿಗೆ ಕಟ್ಟಿದವರಿಗೆ ಟೋಲ್ ಇಲ್ಲ’ ಎಂಬುದು ಸುಳ್ಳು.

‘60 ಕಿ.ಮೀ. ಒಳಗೆ ಎರಡನೇ ಟೋಲ್ ಕಟ್ಟಬೇಕಿಲ್ಲ’ ಎಂಬ ಸಂದೇಶದಲ್ಲಿ ಅರ್ಧ ಸತ್ಯವಿದೆ. ಒಂದೇ ಹೆದ್ದಾರಿಯ ಒಂದೇ ದಿಕ್ಕಿನಲ್ಲಿ ಎರಡು ಟೋಲ್‌ಗಳ ನಡುವೆ 60 ಕಿ.ಮೀ. ಅಂತರ ಇರಬೇಕು ಎಂದು ನಿಯಮವೇ ಹೇಳುತ್ತದೆ. ಆದರೆ ಕಾರಣ ದಾಖಲಿಸಿ ವಿನಾಯಿತಿ ಕೊಡಲು ಅವಕಾಶವಿದೆ. ಸೇತುವೆ, ಬೈಪಾಸ್, ಸುರಂಗಗಳಿಗೂ ವಿನಾಯಿತಿ ಇದೆ. ಈ ನಿಯಮ ಟೋಲ್ ಎಲ್ಲಿ ಕಟ್ಟಬೇಕು ಎಂಬುದಕ್ಕೆ ಸಂಬಂಧಿಸಿದ್ದು. ಚಾಲಕರು ಅದನ್ನು ತೋರಿಸಿ ಹಣ ಕೊಡದೆ ಹೋಗುವಂತಿಲ್ಲ.

‘12 ಗಂಟೆಯೊಳಗೆ ವಾಪಸ್ ಬಂದರೆ ಉಚಿತ’ ಎಂಬುದೂ ಸುಳ್ಳು. 24 ಗಂಟೆಯೊಳಗೆ ಹೋಗಿ ಬರುವುದಕ್ಕೆ ಒಂದು ಸಲದ ಶುಲ್ಕದ ಒಂದೂವರೆ ಪಟ್ಟು ಕೊಟ್ಟರೆ ಸಾಕು ಎಂಬುದು ನಿಜವಾದ ರಿಯಾಯಿತಿ.

ಗುಂಡಿಗೆ ಯಾರು ಹೊಣೆ?

ನಮಗೆ ನಿಜವಾಗಿ ನಷ್ಟವಾಗುವುದು ಇಲ್ಲಿ. ಟೋಲ್ ಕೌಂಟರಿನ ಹುಡುಗನ ಜೊತೆ ಜಗಳವಾಡಿದರೆ ನಿಮ್ಮೂರಿನ ಗುಂಡಿ ಮುಚ್ಚುವುದಿಲ್ಲ. ಯಾಕೆಂದರೆ ಆ ರಸ್ತೆ ಇನ್ನೊಬ್ಬರದ್ದು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯದ್ದು. ಹಳ್ಳಿ ರಸ್ತೆಗಳು ಪಂಚಾಯತ್ ರಾಜ್ ವ್ಯವಸ್ಥೆಯದ್ದು. ಊರೊಳಗಿನ ಬೀದಿಗಳು ಪುರಸಭೆ ಅಥವಾ ಪಾಲಿಕೆಯದ್ದು. ರಾಷ್ಟ್ರೀಯ ಹೆದ್ದಾರಿಯ ದೂರುಗಳಿಗೆ 1033 ಸಹಾಯವಾಣಿ ಇದೆ.

ಹೊಸ ರಸ್ತೆ ವರ್ಷದೊಳಗೇ ಕಿತ್ತು ಹೋಯಿತೇ? ಗುತ್ತಿಗೆಯಲ್ಲಿ ಸಾಮಾನ್ಯವಾಗಿ ‘ದೋಷ ಹೊಣೆ ಅವಧಿ’ ಎಂಬ ಷರತ್ತು ಇರುತ್ತದೆ. ಆ ಅವಧಿಯಲ್ಲಿ ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ದುರಸ್ತಿ ಮಾಡಬೇಕು. ಕಾಮಗಾರಿಗೆ ಎಷ್ಟು ಖರ್ಚಾಯಿತು, ಈ ಅವಧಿ ಯಾವಾಗ ಮುಗಿಯುತ್ತದೆ ಎಂದು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಕೇಳಿದರೆ ಏನಾದರೂ ಆಗುತ್ತದೆಯೇ?

ಆಗಿದೆ. 2025ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟ್, ರಸ್ತೆ ಹದಗೆಟ್ಟು ಜನ ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುತ್ತಿದ್ದ ಕಾರಣಕ್ಕೆ ತ್ರಿಶೂರ್ ಜಿಲ್ಲೆಯ ಪಾಲಿಯೆಕ್ಕರದಲ್ಲಿ ಟೋಲ್ ವಸೂಲಿಯನ್ನು ನಾಲ್ಕು ವಾರ ನಿಲ್ಲಿಸಿತು. ಹೆದ್ದಾರಿ ಪ್ರಾಧಿಕಾರ ಮೇಲ್ಮನವಿ ಹಾಕಿದರೂ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅಂದರೆ ‘ಹಣ ಕೊಟ್ಟಿದ್ದೇವೆ, ಒಳ್ಳೆ ರಸ್ತೆ ಕೊಡಿ’ ಎಂಬ ಮಾತಿಗೆ ಕೋರ್ಟಿನಲ್ಲಿ ಬೆಲೆ ಇದೆ. ಅದು ಸಿಕ್ಕಿದ್ದು ಅರ್ಜಿ ಹಾಕಿದವರಿಂದ.

ಆ ಫಾರ್ವರ್ಡ್ ಮತ್ತೆ ಬಂದರೆ ಗ್ರೂಪ್‌ನಲ್ಲಿ ಒಂದೇ ಪ್ರಶ್ನೆ ಕೇಳಿ: ‘ನಮ್ಮ ಮನೆ ಮುಂದಿನ ರಸ್ತೆ ಯಾರದ್ದು?’ ಉತ್ತರ ಗೊತ್ತಾದರೆ ದೂರು ಎಲ್ಲಿಗೆ ಕೊಡಬೇಕು ಎಂಬುದೂ ಗೊತ್ತಾಗುತ್ತದೆ.