ಆಟದ ನೇರ ಪ್ರಸಾರ: ನಮ್ಮ ಮಾತಿಗೊಂದು ಪ್ರತ್ಯೇಕ ಧ್ವನಿಪಥ

ತಾಳವಾಡಿ ಬೆಟ್ಟಸೀಮೆಯ ತಿಗನಾರೆಯಂತಹ ಊರುಗಳಲ್ಲಿ ಮನೆಯ ಮಾತು ಕನ್ನಡ. ಸರಕಾರಿ ಕಚೇರಿಯ ಭಾಷೆ ತಮಿಳು. 2006ರ ತಮಿಳು ಕಲಿಕಾ ಕಾಯ್ದೆಯು ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯಗೊಳಿಸಿತು. ಅದರ ಬಳಿಕ ಬೆಳೆದ ತಲೆಮಾರಿನ ಅನೇಕರಿಗೆ ಕನ್ನಡವು ಕಣ್ಣಿಗಿಂತ ಕಿವಿಯ ಭಾಷೆಯಾಗಿದೆ ಎಂಬುದು ನಮ್ಮ ಅನಿಸಿಕೆ. ಅಂತಹ ಯುವಕನೊಬ್ಬ ಕಂಪ್ಯೂಟರ್ ಆಟವನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡುತ್ತ ‘ಎಡಕ್ಕ ಬಾರ್ಲಾ’ ಎಂದು ಗೆಳೆಯನನ್ನು ಕೂಗಿದರೆ, ಈ ಸೀಮೆಯ ನುಡಿ ಯಾವ ಪಠ್ಯಪುಸ್ತಕದ ನೆರವೂ ಇಲ್ಲದೆ ದಾಖಲಾಗುತ್ತದೆ. ಆದರೆ ಆ ಮಾತು ಗುಂಡಿನ ಸದ್ದು, ಹಿನ್ನೆಲೆಯ ಸಿನಿಮಾ ಹಾಡು, ಗೆಳೆಯರ ತಮಿಳು ಹರಟೆಗಳ ಜೊತೆ ಒಂದೇ ಧ್ವನಿಯಾಗಿ ಬೆರೆಯುತ್ತದೆ. ರಾಗಿ ಹಿಟ್ಟಿಗೆ ಜೋಳದ ಹಿಟ್ಟು ಕಲಸಿದ ಮೇಲೆ ಎರಡನ್ನೂ ಬೇರ್ಪಡಿಸುವುದು ಎಷ್ಟು ಕಷ್ಟವೋ, ಇದೂ ಅಷ್ಟೇ ಕಷ್ಟ.

ಕ್ರಿಕೆಟ್ ಪ್ರಸಾರಕರು ಈ ತೊಡಕನ್ನು ಎಂದೋ ಬಿಡಿಸಿಕೊಂಡಿದ್ದಾರೆ. ಮೈದಾನದ ಸದ್ದು ಒಂದು ಹಾದಿಯಲ್ಲಿ, ವೀಕ್ಷಕ ವಿವರಣೆ ಇನ್ನೊಂದು ಹಾದಿಯಲ್ಲಿ ಸಾಗುತ್ತವೆ. 2023ರ ಐಪಿಎಲ್ ಪಂದ್ಯಗಳನ್ನು ಜಿಯೋಸಿನಿಮಾ ಕನ್ನಡವೂ ಸೇರಿದಂತೆ 12 ಭಾಷೆಗಳಲ್ಲಿ ನೀಡಲು ಸಾಧ್ಯವಾದದ್ದು ಇಂತಹ ವಿಂಗಡಣೆಯ ಬಲದಿಂದಲೇ. ಅದೇ ಅನುಕೂಲವನ್ನು ಓಬಿಎಸ್ ಸ್ಟುಡಿಯೋ ಎಂಬ ಉಚಿತ ತಂತ್ರಾಂಶವು ಮನೆಯ ಕಂಪ್ಯೂಟರಿಗೂ ಒದಗಿಸುತ್ತದೆ. ಇದರಲ್ಲಿ ಧ್ವನಿಮುದ್ರಣಕ್ಕೆ ಆರು ಟ್ರ್ಯಾಕ್‌ಗಳು, ಅಂದರೆ ಆರು ಧ್ವನಿಪಥಗಳಿವೆ. ಮೊಬೈಲಿನಿಂದಲೇ ಪ್ರಸಾರ ಮಾಡುವ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲವೂ ಬೆರೆತೇ ಹೋಗುವುದರಿಂದ ನಾವಿಲ್ಲಿ ಹೇಳುತ್ತಿರುವುದು ಕಂಪ್ಯೂಟರಿನ ವಿಧಾನವನ್ನು ಮಾತ್ರ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಆರು ಪಥಗಳಿದ್ದರೂ ಯೂಟ್ಯೂಬಿಗೆ ನೇರವಾಗಿ ಹೋಗುವುದು ಒಂದೇ. ನೋಡುಗನು ಪ್ರಸಾರದ ವೇಳೆ ಆಟದ ಸದ್ದನ್ನು ಆರಿಸಿ ಮಾತನ್ನಷ್ಟೇ ಕೇಳಲಾರ. ಉಳಿದ ಪಥಗಳು ನಿಮ್ಮ ಕಂಪ್ಯೂಟರಿನಲ್ಲಿ ಉಳಿಯುವ ಮುದ್ರಣಕ್ಕೆ ಸೇರಿದವು. ಹೀಗಾಗಿ ಬೆಟ್ಟದ ಮೇಲಿನ ಅಂತರ್ಜಾಲದ ವೇಗಕ್ಕೆ ಇವುಗಳಿಂದ ಯಾವ ಹೊರೆಯೂ ಇಲ್ಲ. ಡಿಸ್ಕಿನಲ್ಲಿ ಹಿಡಿಯುವ ಜಾಗವೂ ಅಲ್ಪ: 160 ಕೆಬಿಪಿಎಸ್ ಗುಣಮಟ್ಟದ ಒಂದು ಪಥಕ್ಕೆ ಗಂಟೆಗೆ ಸುಮಾರು 72 ಎಂಬಿ ಸಾಕು.

ಪ್ರತಿಯೊಂದು ಸದ್ದಿಗೂ ಬೇರೆ ಮೂಲವಿರಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ಓಬಿಎಸ್ 28ನೆಯ ಆವೃತ್ತಿಯಿಂದ ‘ಅಪ್ಲಿಕೇಶನ್ ಆಡಿಯೋ ಕ್ಯಾಪ್ಚರ್’ ಎಂಬ ಮೂಲ ದೊರೆಯುತ್ತದೆ. ಇದನ್ನು ಆಟಕ್ಕೊಂದು, ಗೆಳೆಯರೊಡನೆ ಮಾತನಾಡುವ ಡಿಸ್ಕಾರ್ಡಿಗೊಂದು, ಹಾಡಿನ ತಂತ್ರಾಂಶಕ್ಕೊಂದು ಎಂದು ಮೂರು ಸಲ ಸೇರಿಸಿಕೊಳ್ಳಬೇಕು. ಬಳಿಕ ‘ಡೆಸ್ಕ್‌ಟಾಪ್ ಆಡಿಯೋ’ವನ್ನು ನಿಲ್ಲಿಸಲೇಬೇಕು, ಇಲ್ಲವಾದರೆ ಪ್ರತಿ ಸದ್ದೂ ಎರಡೆರಡು ಬಾರಿ ಕೇಳುತ್ತದೆ. ಗೆಳೆಯರೊಂದಿಗೆ ಆಟದ ಒಳಗಿನ ಧ್ವನಿಸೌಲಭ್ಯದಲ್ಲೇ ಮಾತನಾಡಿದರೆ ಅವರ ಮಾತು ಆಟದ ಸದ್ದಿಗೆ ಅಂಟಿಕೊಂಡೇ ಬರುತ್ತದೆ. ಆದ್ದರಿಂದ ಡಿಸ್ಕಾರ್ಡಿನಂತಹ ಹೊರಗಿನ ಮಾರ್ಗವೇ ಮೇಲು.

ಇನ್ನು ಹಂಚಿಕೆ. ‘ಎಡಿಟ್’ ಪಟ್ಟಿಯ ‘ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್’ ತೆರೆದರೆ ಪ್ರತಿ ಮೂಲದ ಎದುರು 1ರಿಂದ 6ರವರೆಗೆ ಗುರುತು ಹಾಕುವ ಮನೆಗಳು ಕಾಣುತ್ತವೆ. ಒಂದನೆಯ ಪಥದಲ್ಲಿ ಎಲ್ಲವೂ ಇರಲಿ, ಅದು ನೇರ ಪ್ರಸಾರಕ್ಕೆ. ಎರಡರಲ್ಲಿ ನಿಮ್ಮ ಮೈಕ್ ಮಾತ್ರ, ಮೂರರಲ್ಲಿ ಆಟ, ನಾಲ್ಕರಲ್ಲಿ ಗೆಳೆಯರು, ಐದರಲ್ಲಿ ಹಾಡು. ಇಷ್ಟಕ್ಕೇ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ‘ಸೆಟ್ಟಿಂಗ್ಸ್’ನ ‘ಔಟ್‌ಪುಟ್’ ವಿಭಾಗವನ್ನು ‘ಅಡ್ವಾನ್ಸ್ಡ್’ಗೆ ಬದಲಿಸಿ, ‘ರೆಕಾರ್ಡಿಂಗ್’ ಪುಟದಲ್ಲೂ ಆ ಐದು ಪಥಗಳಿಗೆ ಗುರುತು ಹಾಕದಿದ್ದರೆ ಅವು ಮುದ್ರಣವಾಗುವುದೇ ಇಲ್ಲ.

ಸ್ಪೀಕರಿನಲ್ಲಿ ಆಟದ ಸದ್ದು ಕೇಳುತ್ತ ಮಾತನಾಡಿದರೆ ಮೈಕ್ ಅದನ್ನೂ ಹಿಡಿಯುತ್ತದೆ. ಎರಡನೆಯ ಪಥ ಕೆಟ್ಟು ಮಾಡಿದ ವಿಂಗಡಣೆಯೆಲ್ಲ ವ್ಯರ್ಥ. ದುಬಾರಿ ಮೈಕ್ ಇಲ್ಲದಿದ್ದರೂ ನಡೆದೀತು, ಹೆಡ್‌ಫೋನ್ ಇಲ್ಲದೆ ನಡೆಯದು. ವಿದ್ಯುತ್ತಿನ ಮಾತೂ ಇದೆ. ಸಾಮಾನ್ಯ ಎಂಪಿ4 ಕಡತವು ಮುದ್ರಣದ ನಡುವೆ ಕರೆಂಟು ಹೋದರೆ ತೆರೆಯದಂತಾಗಬಹುದು. ಎಂಕೆವಿಯಲ್ಲಿ ಅಲ್ಲಿಯವರೆಗಿನ ಭಾಗವಾದರೂ ಉಳಿಯುತ್ತದೆ. ಬಳಿಕ ‘ಫೈಲ್’ ಪಟ್ಟಿಯ ‘ರೀಮಕ್ಸ್ ರೆಕಾರ್ಡಿಂಗ್ಸ್’ ಮೂಲಕ ಎಂಪಿ4 ಮಾಡಿಕೊಳ್ಳಬಹುದು.

ಫಲ ಕಾಣುವುದು ಪ್ರಸಾರ ಮುಗಿದ ಮೇಲೆ. ಹಾಡಿನ ಹಕ್ಕುದಾರರ ತಕರಾರು ಬಂದರೆ, ಐದನೆಯ ಪಥವನ್ನು ಬಿಟ್ಟು ಉಳಿದವನ್ನು ಸೇರಿಸಿ ವಿಡಿಯೋವನ್ನು ಮತ್ತೆ ಏರಿಸಬಹುದು. ಆಡಿದ ಕನ್ನಡ ಹಾಗೆಯೇ ಉಳಿಯುತ್ತದೆ. ಹಾಡನ್ನು ನೇರ ಪ್ರಸಾರದಲ್ಲಿ ಹಾಕಿದ್ದಕ್ಕೆ ಇದು ರಕ್ಷಣೆಯಲ್ಲ ಎಂಬುದೂ ನೆನಪಿರಲಿ. ಒಂದೇ ವಿಡಿಯೋಗೆ ಹಲವು ಭಾಷೆಗಳ ಧ್ವನಿ ಸೇರಿಸುವ ಸೌಲಭ್ಯವನ್ನು ಯೂಟ್ಯೂಬ್ 2023ರಲ್ಲಿ ಪ್ರಕಟಿಸಿತು. ಅದು ದೊರೆತಿರುವ ಚಾನೆಲ್ಲಿನವರು ಮೂರನೆಯ ಪಥದ ಮೇಲೆ ತಮಿಳು ವಿವರಣೆಯನ್ನು ಹೊಸದಾಗಿ ಮುದ್ರಿಸಿ ಸೇರಿಸಬಹುದು. ಸತ್ಯಮಂಗಲದ ನೋಡುಗರು ಬೇಕೆಂಬ ಕಾರಣಕ್ಕೆ ತಿಗನಾರೆಯ ಹುಡುಗ ಆಟದ ನಡುವೆ ತನ್ನ ಮಾತನ್ನು ಬದಲಿಸಬೇಕಾಗಿಲ್ಲ.

ಮೊದಲ ಪ್ರಸಾರಕ್ಕೆ ಮುನ್ನ ಒಂದು ನಿಮಿಷ ಮುದ್ರಿಸಿ, ವಿಎಲ್‌ಸಿಯ ‘ಆಡಿಯೋ ಟ್ರ್ಯಾಕ್’ ಪಟ್ಟಿಯಲ್ಲಿ ಒಂದೊಂದೇ ಪಥವನ್ನು ಕೇಳಿ ನೋಡಿ. ಎರಡನೆಯದರಲ್ಲಿ ನಿಮ್ಮ ದನಿಯೊಂದೇ ಇದ್ದರೆ ಎಲ್ಲವೂ ಸರಿಯಾಗಿದೆ.