ಜಾಲತಾಣದ ಮೇಲಿನ ಮುದ್ರೆ

ಶಿವಾಜಿನಗರದ ಬಳಿಯ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಚಿನ್ನದ ಬಳೆ ಕೊಳ್ಳುವವರು ಅದರ ಮೇಲಿನ ಹಾಲ್‌ಮಾರ್ಕ್ ಮುದ್ರೆಯನ್ನು ನೋಡುತ್ತಾರಷ್ಟೆ. ‘916’ ಎಂದಿದ್ದರೆ ಸಾವಿರ ಪಾಲಿನಲ್ಲಿ 916 ಪಾಲು ಚಿನ್ನವೆಂದರ್ಥ. ಮುದ್ರೆಯನ್ನು ಯಾರಾದರೂ ಒತ್ತಬಹುದಲ್ಲವೆ? ಈ ಸಂದೇಹ ನಿವಾರಣೆಗಾಗಿಯೇ 2021ರಿಂದ ಪ್ರತಿ ಒಡವೆಗೂ ಆರು ಅಕ್ಷರಾಂಕಗಳ ಬೇರೆಬೇರೆ ಸಂಕೇತವನ್ನು ಕೊಡಲಾಗುತ್ತಿದೆ. ಅದನ್ನು ಭಾರತೀಯ ಮಾನಕ ಬ್ಯೂರೋವಿನ ಆ್ಯಪಿನಲ್ಲಿ ಬರೆದು ನಾವೇ ತಾಳೆ ನೋಡಬಹುದು.

ಜಾಲತಾಣಗಳಿಗೂ ಇಂಥದೊಂದು ಮುದ್ರೆಯುಂಟು. ಟಿಮ್ ಬರ್ನರ್ಸ್-ಲೀ 1994ರಲ್ಲಿ ಸ್ಥಾಪಿಸಿದ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆಯು ಜಾಲಪುಟಗಳ ರಚನೆಗೆ ಮಾನಕಗಳನ್ನು ರೂಪಿಸಿತು. ಪುಟವು ಅವುಗಳಿಗೆ ಅನುಗುಣವಾಗಿದೆಯೆ ಎಂದು ನೋಡುವ ಪರಿಶೀಲಕ ತಂತ್ರಾಂಶವನ್ನೂ ಒದಗಿಸಿತು. ಪರೀಕ್ಷೆಯಲ್ಲಿ ಗೆದ್ದ ಪುಟದ ಅಡಿಯಲ್ಲಿ ಪುಟ್ಟ ಲಾಂಛನವೊಂದನ್ನು ತೋರಿಸುವ ರೂಢಿ 2000ರ ದಶಕದಲ್ಲಿ ಬಹಳವಾಗಿತ್ತು, ಈಗ ವಿರಳ.

ಲಾಂಛನವು ಕೇವಲ ಒಂದು ಚಿತ್ರ. ಅಂಟಿಸಿದ ಮರುದಿನ ಪುಟ ಬದಲಾದರೂ ಚಿತ್ರ ಬದಲಾಗದು. ಆದುದರಿಂದ ಅದನ್ನು ಒತ್ತಿದೊಡನೆ ಪರೀಕ್ಷೆ ಹೊಸದಾಗಿ ನಡೆಯುವಂತೆ ಪರಿಶೀಲಕಕ್ಕೆ ಕೊಂಡಿ ಹಾಕುವ ಏರ್ಪಾಡು ಮಾಡಿದರು. ಲಾಂಛನದ ಬೆಲೆಯೆಲ್ಲ ಆ ಕೊಂಡಿಯಲ್ಲಿದೆ.

ಇಷ್ಟಾದರೂ ಪರೀಕ್ಷೆಯು ನೋಡುವುದು ಪುಟದ ವ್ಯಾಕರಣವನ್ನು ಮಾತ್ರ. ತೆರೆದ ಟ್ಯಾಗನ್ನು ಮುಚ್ಚಿದೆಯೆ? ಚಿತ್ರಕ್ಕೆ ಬದಲಿ ವಿವರಣೆ ಇದೆಯೆ? ವಿವರಣೆಯಲ್ಲಿ ಅರ್ಥವಿದೆಯೆ ಎಂಬುದನ್ನು ಅದು ಅರಿಯದು.

ಕನ್ನಡದಲ್ಲೇ ಇದಕ್ಕೊಂದು ನಿದರ್ಶನವಿದೆ. ಹಿಂದೆ ಅನೇಕ ಕನ್ನಡ ತಾಣಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನಿಟ್ಟ ವಿಶೇಷ ಫಾಂಟುಗಳನ್ನು ಬಳಸುತ್ತಿದ್ದವು. ಕಣ್ಣಿಗೆ ಕಾಣುವುದು ಕನ್ನಡ. ಆದರೆ 97 ಎಂಬ ಸಂಖ್ಯೆ ಗಣಕಕ್ಕೆ ಇಂಗ್ಲಿಷಿನ ‘ಎ’ ಅಕ್ಷರವೇ. ಅಂಥ ಪುಟವೂ ಪರೀಕ್ಷೆಯಲ್ಲಿ ನಿರ್ದೋಷವೆನಿಸಬಹುದಾಗಿತ್ತು. ಅಂಧ ವಿದ್ಯಾರ್ಥಿಯೊಬ್ಬ ಅದನ್ನು ಓದಿ ಹೇಳುವ ತಂತ್ರಾಂಶದಿಂದ ಕೇಳಿದರೆ ಅವನಿಗೆ ದೊರೆಯುವುದು ಅರ್ಥಹೀನ ಅಕ್ಷರಗಳ ಗದ್ದಲ! ಯೂನಿಕೋಡಿನಲ್ಲಿಯಾದರೋ ‘ಕ’ ಅಕ್ಷರಕ್ಕೆ 3221 ಎಂಬ ತನ್ನದೇ ಸಂಖ್ಯೆಯುಂಟು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿತ್ತು.

ಹಾಲ್‌ಮಾರ್ಕ್ ಚಿನ್ನದ ಶುದ್ಧಿಯನ್ನು ಹೇಳುತ್ತದೆ, ಬೆಸುಗೆಯ ಗಟ್ಟಿತನವನ್ನಲ್ಲ. ಮುದ್ರೆ ಯಾವುದೇ ಇರಲಿ, ಮೂರು ಪ್ರಶ್ನೆಗಳನ್ನು ಕೇಳಬೇಕು: ಪರೀಕ್ಷಿಸಿದವರು ಯಾರು? ಎಂದು? ಪರೀಕ್ಷಿಸಿದ್ದು ಏನನ್ನು?

ವಾಚಕರು ಒಂದು ಸುಲಭ ಪ್ರಯೋಗ ಮಾಡಬಹುದು. ತಮ್ಮ ಕಾಲೇಜಿನ ಜಾಲಪುಟವನ್ನು ಮೊಬೈಲಿನಲ್ಲಿ ತೆರೆದು, ಓದಿ ಹೇಳುವ ಸೌಲಭ್ಯವನ್ನು ಚಾಲೂ ಮಾಡಿ, ಕಣ್ಣು ಮುಚ್ಚಿ ಪರೀಕ್ಷೆಯ ವೇಳಾಪಟ್ಟಿಯನ್ನು ಹುಡುಕಲಿ. ಯಾವ ಲಾಂಛನವೂ ಹೇಳದ ಸಂಗತಿ ಐದು ನಿಮಿಷದಲ್ಲಿ ತಿಳಿಯುತ್ತದೆ.